ವಿಯೆಟ್ನಾಮಲ್ಲಿ ಏಜೆಂಟ್ ಆರೆಂಜ್ ಮಕ್ಕಳ ಸೆಂಟರಿಗೆ ವಾಲಂಟಿಯರ್ ಆಗಿ ಹೋಗೋರಿಗೆ

ವಿಯೆಟ್ನಾಮಿಗೆ ಹೋಗಿ ಏಜೆಂಟ್ ಆರೆಂಜ್ (ಯುದ್ಧದಲ್ಲಿ ಅಮೆರಿಕದೋರು ಸುರಿದ ವಿಷದ ಕಳೆನಾಶಕ) ತಗಲಿದ ಮನೆಗಳ ಮಕ್ಕಳ ಸೆಂಟರಲ್ಲಿ ಸ್ವಲ್ಪ ದಿನ ಕೆಲಸ ಮಾಡ್ಬೇಕು, ಯಾರನ್ನ ಕೇಳೋದು, ಎಷ್ಟು ದಿನ ಇರ್ಬೇಕು, ಅಲ್ಲಿ ಏನ್ ಮಾಡಿಸ್ತಾರೆ ಅಂತ ಸುಮಾರು ಜನ ಕೇಳ್ತಾ ಇರ್ತಾರೆ, ಒಬ್ಬೊಬ್ರಿಗೂ ಅರ್ಧರ್ಧ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡೋಣ ಅಂತ ಕೂತಿದೀನಿ. ನಾನು ಮಧ್ಯ ವಿಯೆಟ್ನಾಮಿನ ಒಂದು ಡೇ ಸೆಂಟರಲ್ಲಿ ಮೂರು ತಿಂಗಳಿದ್ದೆ. ಡಾಕ್ಟ್ರಲ್ಲ, ಫಿಸಿಯೋ ಅಲ್ಲ, ಸ್ಪೆಷಲ್ ಟೀಚರೂ ಅಲ್ಲ, ಆಫೀಸಲ್ಲಿ ಕೂತು ಲೆಕ್ಕ ನೋಡೋ ಕೆಲಸ ನಂದು. ಹಾಗಾಗಿ ನನ್ನ ತರ ಯಾವ ಟ್ರೈನಿಂಗೂ ಇಲ್ದೆ ಹೋಗೋರಿಗೆ ಏನು ಗೊತ್ತಿದ್ರೆ ಒಳ್ಳೇದು ಅನ್ನೋದನ್ನೇ ಬರೀತೀನಿ.

ಎಲ್ಲಕ್ಕಿಂತ ಮೊದ್ಲು ಒಂದು ಮಾತು ತಲೇಲಿ ಇಟ್ಕೊಳ್ಳಿ. ನೀವು ಹೋಗ್ತಿರೋದು ಮಕ್ಕಳಿಗೆ ಪ್ರೀತಿ ಕೊಡೋಕೆ ಅಂತ ಅನ್ಕೊಂಡಿದ್ರೆ, ಆ ಮಕ್ಕಳಿಗೆ ಪ್ರೀತಿ ಮಾಡೋರು ಅಲ್ಲಿ ಆಗ್ಲೇ ಇದಾರೆ, ಅಪ್ಪ ಅಮ್ಮ ಅಜ್ಜಿ ಇದಾರೆ, ಹತ್ತಿಪ್ಪತ್ತು ವರ್ಷದಿಂದ ಅದೇ ಸೆಂಟರಲ್ಲಿ ಎತ್ತಿ ಇಳಿಸಿ ತಿನ್ನಿಸಿ ತೊಳೆದು ಮಾಡ್ತಿರೋ ಹೆಂಗಸರಿದಾರೆ. ಅವರಿಗೆ ಕೊರತೆ ಇರೋದು ಕೈಗಳದ್ದು. ನೀವು ಆ ಹೆಂಗಸರಿಗೆ ಇನ್ನೆರಡು ಕೈ ಆಗೋಕೆ ಹೋಗ್ತಿದೀರಾ. ಇದು ಮನಸ್ಸಿಗೆ ಇಳಿದ್ರೆ ಮುಂದಿನ ಅರ್ಧ ವಿಷ್ಯ ತಾನಾಗೇ ಅರ್ಥ ಆಗುತ್ತೆ.

ಹಿನ್ನೆಲೆ ಸ್ವಲ್ಪ ಓದ್ಕೊಂಡು ಹೋಗಿ, ಅಲ್ಲಿಗೆ ಹೋಗಿ ಕೇಳೋದು ಬೇಡ. ಅಮೆರಿಕದೋರು 1961ರ ಆಗಸ್ಟ್ 10ರಂದು ವಿಯೆಟ್ನಾಮಿನ ಕಾಡಿನ ಮೇಲೆ ಮೊದಲ ಸಲ ಕಳೆನಾಶಕ ಸಿಂಪಡಿಸಿ ನೋಡಿದ್ರು, ಆಮೇಲೆ 1962ರಿಂದ 1971ರವರೆಗೆ ಆಪರೇಷನ್ ರಾಂಚ್ ಹ್ಯಾಂಡ್ ಅನ್ನೋ ಹೆಸರಲ್ಲಿ ವಿಮಾನದಿಂದ 7 ಕೋಟಿ ಲೀಟರ್‌ಗೂ ಜಾಸ್ತಿ ಸುರಿದ್ರು, ಶತ್ರುಗಳು ಅಡಗೋಕೆ ಮರ ಇರಬಾರದು ತಿನ್ನೋಕೆ ಬೆಳೆ ಇರಬಾರದು ಅಂತ. ಡ್ರಮ್ಮಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದ್ದಿದ್ದಕ್ಕೆ ಏಜೆಂಟ್ ಆರೆಂಜ್ ಅಂತ ಹೆಸರು ಬಂತು, ಔಷಧಿ ಏನೂ ಕಿತ್ತಳೆ ಬಣ್ಣದ್ದಲ್ಲ. 2,4-ಡಿ ಮತ್ತೆ 2,4,5-ಟಿ ಅನ್ನೋ ಎರಡು ಕಳೆನಾಶಕದ ಮಿಶ್ರಣ ಅದು, ಎರಡನೇದನ್ನ ತಯಾರಿಸೋವಾಗ ಟಿಸಿಡಿಡಿ ಅನ್ನೋ ಡಯಾಕ್ಸಿನ್ ಅದರಲ್ಲಿ ಸೇರ್ಕೊಳ್ತಿತ್ತು, ಅದೇ ನಿಜವಾದ ವಿಷ. ಎಲೆ ಮೇಲೆ ಬಿದ್ದಿದ್ದು ಬಿಸಿಲಿಗೆ ಬೇಗ ಹಾಳಾಗುತ್ತೆ, ಆದ್ರೆ ಮಣ್ಣಲ್ಲಿ, ಕೆರೆ ತಳದ ಕೆಸರಲ್ಲಿ ಸೇರಿದ್ದು ದಶಕಗಟ್ಲೆ ಹೋಗಲ್ಲ, ಅಲ್ಲಿಂದ ಮೀನಿಗೆ, ಬಾತುಕೋಳಿಗೆ, ಅದನ್ನ ತಿಂದ ಮನುಷ್ಯರ ಕೊಬ್ಬಿಗೆ, ತಾಯಿ ಹಾಲಿಗೆ. ಡ್ರಮ್ ಶೇಖರಿಸಿ ವಿಮಾನಕ್ಕೆ ತುಂಬ್ತಿದ್ದ ದ ನಾಂಗ್, ಬಿಯೆನ್ ಹೋವಾ, ಫು ಕಾತ್ ವಿಮಾನ ನಿಲ್ದಾಣಗಳ ಮಣ್ಣಲ್ಲಿ ಅತಿ ಹೆಚ್ಚು ಉಳ್ಕೊಂಡಿತ್ತು. ದ ನಾಂಗಿನ ಮಣ್ಣನ್ನ 2012ರಿಂದ 2018ರವರೆಗೆ ಬಿಸಿ ಮಾಡಿ ಶುದ್ಧ ಮಾಡಿದ್ರು, ಬಿಯೆನ್ ಹೋವಾದ್ದು 2019ರಲ್ಲಿ ಶುರುವಾಯ್ತು, ಅದು ಇನ್ನೂ ದೊಡ್ಡ ಕೆಲಸ.

ವಿಯೆಟ್ನಾಮ್ ರೆಡ್ ಕ್ರಾಸ್ ಲೆಕ್ಕದಲ್ಲಿ ಸುಮಾರು 30 ಲಕ್ಷ ಜನಕ್ಕೆ ಇದರಿಂದ ಆರೋಗ್ಯ ಕೆಟ್ಟಿದೆ. ಅಮೆರಿಕ ಸರ್ಕಾರ ಆ ಲೆಕ್ಕ ಒಪ್ಪಲ್ಲ. ತಮ್ಮ ಸೈನಿಕರಿಗೆ ಮಾತ್ರ 1991ರಲ್ಲಿ ಕಾನೂನೇ ಮಾಡಿ ಪರಿಹಾರ ಕೊಡ್ತಾ ಬಂದಿದಾರೆ, ವಿಯೆಟ್ನಾಮಿನ ಅಂಗವಿಕಲರಿಗೆ ಸಹಾಯ ಕೊಡೋವಾಗ ಮಾತ್ರ "ಅಂಗವಿಕಲತೆಗೆ ಕಾರಣ ಏನೇ ಇರ್ಲಿ" ಅಂತ ಒಂದು ಮಾತು ಸೇರಿಸ್ತಾರೆ, ಅಂದ್ರೆ ಈ ವಿಷವೇ ಕಾರಣ ಅಂತ ಒಪ್ಕೊಳ್ಳಲ್ಲ. ನನಗೆ ಇದು ನೆನೆಸ್ಕೊಂಡಾಗೆಲ್ಲ ಹೊಟ್ಟೆ ಉರಿಯುತ್ತೆ. ಆದ್ರೂ ಒಂದು ವಿಷ್ಯ ನೀವು ತಿಳ್ಕೊಂಡಿರಬೇಕು, ಒಂದು ನಿರ್ದಿಷ್ಟ ಮಗುವನ್ನ ತೋರಿಸಿ ಇದಕ್ಕೆ ಡಯಾಕ್ಸಿನ್ನೇ ಕಾರಣ ಅಂತ ಟೆಸ್ಟ್ ಮಾಡಿ ಹೇಳೋಕಾಗಲ್ಲ. ಹಾಗಾಗಿ "ಈ ಮಗುಗೆ ಏಜೆಂಟ್ ಆರೆಂಜಿಂದಾನೇ ಹೀಗಾಗಿದ್ಯಾ" ಅಂತ ಸೆಂಟರಿನೋರನ್ನಾಗ್ಲಿ ತಾಯಿನಾಗ್ಲಿ ದಯವಿಟ್ಟು ಕೇಳ್ಬೇಡಿ. ತಾಯಿ ಅದೇ ಪ್ರಶ್ನೆನ ತನ್ನನ್ನ ತಾನು ಸಾವಿರ ಸಲ ಕೇಳ್ಕೊಂಡಿರ್ತಾಳೆ.

ಎಲ್ಲಿಗೆ ಹೋಗೋದು

ಹನೋಯ್ ಹೊರಗೆ ಫ್ರೆಂಡ್‌ಶಿಪ್ ವಿಲೇಜ್ ಅಂತಿದೆ, ಅಲ್ಲಿಯೋರು ಲಾಂಗ್ ಹೂ ಙಿ ಅಂತಾರೆ. ವಿಯೆಟ್ನಾಮಲ್ಲಿ ಯುದ್ಧ ಮಾಡಿದ್ದ ಅಮೆರಿಕದ ಸೈನಿಕ ಜಾರ್ಜ್ ಮಿಜೊ ಅನ್ನೋರು ಮುಂದೆ ನಿಂತು ಶುರು ಮಾಡಿಸಿದ್ದು, 1998ರಲ್ಲಿ ತೆರೀತು. ಅಲ್ಲಿ ಮಕ್ಕಳೂ ಇರ್ತಾರೆ, ವಯಸ್ಸಾದ ವಿಯೆಟ್ನಾಮಿ ಸೈನಿಕರೂ ಚಿಕಿತ್ಸೆಗೆ ಬಂದು ಇದ್ದು ಹೋಗ್ತಾರೆ, ಹೊಲಿಗೆ, ಕಸೂತಿ, ಬಟ್ಟೆ ಹೂವು ಮಾಡೋದನ್ನ ಕಲಿಸ್ತಾರೆ. ಹೋ ಚಿ ಮಿನ್ ಸಿಟಿಲಿ ತು ಝು ಅನ್ನೋ ದೊಡ್ಡ ಹೆರಿಗೆ ಆಸ್ಪತ್ರೆ ಇದೆ, ಅದರೊಳಗೆ ಪೀಸ್ ವಿಲೇಜ್ ಅಂತ ಇಂಥ ಮಕ್ಕಳದ್ದೇ ಒಂದು ವಿಭಾಗ. 1981ರಲ್ಲಿ ಅಂಟ್ಕೊಂಡು ಹುಟ್ಟಿದ ವಿಯೆತ್ ಮತ್ತೆ ದುಕ್ ಅನ್ನೋ ಅವಳಿಗಳನ್ನ 1988ರಲ್ಲಿ ಬೇರೆ ಮಾಡಿದ್ದು ಅದೇ ಆಸ್ಪತ್ರೇಲಿ. ವಿಯೆತ್ 2007ರಲ್ಲಿ ತೀರ್ಕೊಂಡ, ದುಕ್ ದೊಡ್ಡೋನಾಗಿ ಮದುವೆಯಾಗಿ ಅದೇ ಆಸ್ಪತ್ರೇಲಿ ಕೆಲಸಾನೂ ಮಾಡಿದ. ದ ನಾಂಗಲ್ಲಿ ಸಂತ್ರಸ್ತರ ಸಂಘದೋರು ಡೇ ಸೆಂಟರ್‌ಗಳನ್ನ ನಡೆಸ್ತಾರೆ, ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗ್ತಾರೆ. ದೇಶಕ್ಕೆಲ್ಲ ಸೇರಿ ವಾವಾ ಅನ್ನೋ ಸಂತ್ರಸ್ತರ ಸಂಘ 2004ರಿಂದ ಇದೆ, ಪ್ರಾಂತ್ಯಕ್ಕೊಂದರಂತೆ ಅವರ ಶಾಖೆಗಳಿವೆ, ಅವರನ್ನೇ ನೇರವಾಗಿ ಕೇಳಿ ಹೋಗೋದು ಒಳ್ಳೇ ದಾರಿ.

ನನ್ನ ಕೇಳಿದ್ರೆ ಡೇ ಸೆಂಟರೇ ಆರಿಸ್ಕೊಳ್ಳಿ ಅಂತೀನಿ. ಮಗು ರಾತ್ರಿ ತನ್ನ ಮನೇಲಿ ಮಲಗುತ್ತೆ, ನೀವು ಬಂದು ಹೋಗೋದು ಅದರ ಬದುಕಲ್ಲಿ ಸಣ್ಣ ವಿಷ್ಯ ಆಗಿರುತ್ತೆ. ಹಗಲೂ ರಾತ್ರಿ ಅಲ್ಲೇ ಇರೋ ಮಕ್ಕಳಿಗೆ ಹಾಗಲ್ಲ, ಪ್ರತಿ ತಿಂಗಳು ಹೊಸ ಮುಖ, ಅಪ್ಪಿಕೊಂಡು ಆಟ ಆಡ್ಸಿ ಹೊರಟೋಗೋರು, ಆ ಮಕ್ಕಳು ಯಾರು ಬಂದ್ರೂ ಓಡಿ ಬಂದು ಕುತ್ತಿಗೆಗೆ ಜೋತು ಬೀಳೋದನ್ನ ನೋಡಿ ಎಷ್ಟು ಪ್ರೀತಿ ಅಂತ ನಾವು ಅನ್ಕೋತೀವಿ, ಅದು ಎಷ್ಟೋ ಸಲ ಕೈ ಬಿಟ್ಟೋಗೋರನ್ನ ತುಂಬಾ ನೋಡಿರೋ ಮಗುವಿನ ಲಕ್ಷಣ.

ಇನ್ನೊಂದು, ಮಕ್ಕಳು ಅಂತ ನಾನು ಬರೀತಿದೀನಿ ಆದ್ರೆ ಹೋದ ಮೇಲೆ ನೋಡ್ತೀರಾ, ಇಪ್ಪತ್ತು ಮೂವತ್ತು ದಾಟಿದೋರೂ ಅದೇ ರೂಮಲ್ಲಿರ್ತಾರೆ. ಅಜ್ಜ ಯುದ್ಧದಲ್ಲಿದ್ದೋರು, ಅಪ್ಪಂಗೆ ಏನೂ ಆಗಿಲ್ಲ, ಮೊಮ್ಮಗಂಗೆ ಹೀಗೆ, ಅನ್ನೋ ಮನೆಗಳೂ ಇವೆ. ಗಡ್ಡ ಮೀಸೆ ಬಂದಿರೋ ಹುಡುಗನ ಕೆನ್ನೆ ಹಿಂಡಿ ಮುದ್ದು ಮಾಡ್ಬೇಡಿ. ಅವರ ವಯಸ್ಸಿಗೆ ತಕ್ಕ ಮರ್ಯಾದೆ ಕೊಟ್ಟು ಮಾತಾಡ್ಸಿ.

ಯುದ್ಧದ ಉಳಿಕೆ ಅಂದ್ರೆ ವಿಷ ಒಂದೇ ಅಲ್ಲ, ಸಿಡೀದೆ ಉಳಿದ ಬಾಂಬೂ ಇದೆ. ಕ್ವಾಂಗ್ ತ್ರಿ ಪ್ರಾಂತ್ಯದಲ್ಲಿ ಪ್ರಾಜೆಕ್ಟ್ ರಿನ್ಯೂ ಅನ್ನೋ ಸಂಸ್ಥೆ 2001ರಿಂದ ಅಂಥ ಬಾಂಬ್ ತೆಗೆಯೋ ಕೆಲಸ ಮಾಡ್ತಿದೆ. ಪಕ್ಕದ ಲಾವೋಸಲ್ಲಿ ವಿಯೆಂಟಿಯಾನಿನ ಕೋಪ್ ಅನ್ನೋ ಸಂಸ್ಥೆ ಕೃತಕ ಕೈಕಾಲು ಮಾಡಿಕೊಡುತ್ತೆ. ಅಲ್ಲಿ ಬೇಕಾಗೋದು ಕಸುಬು ಗೊತ್ತಿರೋರು, ನನ್ನಂಥೋರು ಹೋಗಿ ಅವರ ವಿಸಿಟರ್ ಸೆಂಟರ್ ನೋಡಿ ಕೈಲಾದಷ್ಟು ಹಣ ಕೊಟ್ಟು ಬಂದ್ರೆ ಅದೇ ಸಹಾಯ.

ಹೋಗೋ ಮೊದ್ಲು

ಮಧ್ಯವರ್ತಿ ಕಂಪನಿಗಳ ಬಗ್ಗೆ ಹುಷಾರು. ನಾನು ಮೊದ್ಲು ಒಂದು ಏಜೆನ್ಸಿಗೆ ದುಡ್ಡು ಕಟ್ಟಿದ್ದೆ, ಊಟ ವಸತಿ ಸೆಂಟರಿಗೆ ದೇಣಿಗೆ ಎಲ್ಲಾ ಸೇರಿದೆ ಅಂದಿದ್ರು, ಅಲ್ಲಿಗೆ ಹೋದ ಎರಡನೇ ವಾರ ಸೆಂಟರಿನ ಮೇಡಂ ಜೊತೆ ಮಾತಾಡೋವಾಗ ಗೊತ್ತಾಯ್ತು, ಅವರಿಗೆ ಒಂದು ದೋಂಗ್ (ಅಲ್ಲಿನ ದುಡ್ಡು) ಕೂಡ ಬಂದಿಲ್ಲ, ನಾನು ಬರ್ತಿದೀನಿ ಅನ್ನೋದೇ ಹಿಂದಿನ ದಿನ ಫೋನಲ್ಲಿ ಹೇಳಿದ್ರಂತೆ. ಅವತ್ತು ನಂಗೆ ಅವರ ಮುಖ ನೋಡೋಕೆ ನಾಚ್ಕೆ ಆಯ್ತು. ಅದಕ್ಕೆ ಹೇಳೋದು, ಈ ಪ್ರಶ್ನೆಗಳನ್ನ ಈಮೇಲಲ್ಲಿ ಕೇಳಿ ಉತ್ತರ ಬರಹದಲ್ಲೇ ತಗೊಳ್ಳಿ: ನಾನು ಕೊಡೋ ಹಣದಲ್ಲಿ ಸೆಂಟರಿಗೆ ಎಷ್ಟು ಹೋಗುತ್ತೆ, ನನ್ನ ಕೆಲಸ ನೋಡ್ಕೊಳ್ಳೋರು ಯಾರು, ಮಕ್ಕಳ ರಕ್ಷಣೆಗೆ ನಿಮ್ಮ ನಿಯಮ ಏನಿದೆ, ನಾನು ಮಾಡೋ ಕೆಲಸ ಇಲ್ಲಿಯೋರು ಯಾರಾದ್ರೂ ಸಂಬಳಕ್ಕೆ ಮಾಡ್ಬಹುದಾಗಿದ್ದಾ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳದೇ, ಯಾರ ಹತ್ರಾನೂ ವಿಚಾರಿಸದೇ, ನಾಳೆ ಬನ್ನಿ ಅನ್ನೋ ಜಾಗಕ್ಕೆ ಹೋಗ್ಲೇಬೇಡಿ. ನಿಮ್ಮನ್ನ ಸುಲಭವಾಗಿ ಒಳಗೆ ಬಿಟ್ಟೋರು ಕೆಟ್ಟೋರನ್ನೂ ಹಾಗೇ ಬಿಡ್ತಾರೆ, ಮಾತು ಬರದ ಮಕ್ಕಳು ಏನಾಯ್ತು ಅಂತ ಹೇಳೋಕೂ ಆಗಲ್ಲ. ಸರ್ಟಿಫಿಕೇಟ್ ಪಾಸ್‌ಪೋರ್ಟ್ ಆಫೀಸಲ್ಲಿ ಅರ್ಜಿ ಹಾಕಿ ತಗೋಬಹುದು, ಒಂದೆರಡು ತಿಂಗಳು ಮುಂಚೆನೇ ಹಾಕಿಬಿಡಿ.

ಎಷ್ಟು ದಿನ? ಒಂದು ವಾರಕ್ಕೆ ಹೋಗ್ಬೇಡಿ. ಮೊದಲ ಎರಡು ವಾರ ನಿಮಗೆ ಕಲಿಸೋದೇ ಅವರಿಗೆ ಹೆಚ್ಚುವರಿ ಕೆಲಸ, ಮೂರನೇ ವಾರದಿಂದ ನೀವು ಸ್ವಲ್ಪ ಉಪಯೋಗಕ್ಕೆ ಬರ್ತೀರಾ. ಎರಡು ತಿಂಗಳಾದ್ರೂ ಇರೋಕಾದ್ರೆ ಹೋಗಿ, ಆಗಲ್ಲ ಅಂದ್ರೆ ಆ ವಿಮಾನದ ಟಿಕೆಟ್ ದುಡ್ಡನ್ನ ಅವರಿಗೇ ಕಳಿಸಿ, ಅದರಲ್ಲಿ ಅಲ್ಲಿ ಒಬ್ರಿಗೆ ಸಂಬಳ ಆಗುತ್ತೆ. ನೀವು ಫಿಸಿಯೋ, ಸ್ಪೀಚ್ ಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ರೆ ಮಾತು ಬೇರೆ, ನಾಲ್ಕು ವಾರದಲ್ಲೂ ಅಲ್ಲಿನ ಸ್ಟಾಫಿಗೆ ಕಲಿಸಿ ಬರ್ಬಹುದು, ನೀವು ಬಂದ ಮೇಲೂ ಅದು ಅಲ್ಲೇ ಉಳಿಯುತ್ತೆ.

ವೀಸಾ: 2023ರ ಆಗಸ್ಟಿಂದ ವಿಯೆಟ್ನಾಮ್ ಎಲ್ಲಾ ದೇಶದೋರಿಗೂ 90 ದಿನದ ಇ-ವೀಸಾ ಕೊಡ್ತಿದೆ, ಒಂದು ಸಲ ಒಳಗೆ ಹೋಗೋಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಆದ್ರೆ ಟೂರಿಸ್ಟ್ ವೀಸಾ ತಿರುಗಾಡೋಕೆ, ಕೆಲಸಕ್ಕಲ್ಲ, ಸಂಬಳ ಇಲ್ದಿರೋ ಕೆಲಸನೂ ಅವರ ಕಾನೂನಿನ ಕಣ್ಣಿಗೆ ಕೆಲಸವೇ. ಯಾವ ತರದ ವೀಸಾ, ಯಾವ ಪೇಪರ್, ಸ್ಥಳೀಯ ಸರ್ಕಾರಕ್ಕೆ ತಿಳಿಸೋದು ಯಾರು ಅಂತ ಸೆಂಟರಿನೋರಿಂದ್ಲೇ ಬರೆಸ್ಕೊಳ್ಳಿ. "ಟೂರಿಸ್ಟ್ ಅಂತ ಹೇಳಿ ಬನ್ನಿ, ಏನೂ ಆಗಲ್ಲ" ಅಂದ್ರೆ ಬೇಡ, ಸಿಕ್ಕಾಕೊಂಡ್ರೆ ನಿಮಗಿಂತ ಸೆಂಟರಿಗೇ ತೊಂದ್ರೆ.

ಇಂಜೆಕ್ಷನ್‌ಗಳ ವಿಷ್ಯಕ್ಕೆ ಡಾಕ್ಟರ ಹತ್ರ ಎರಡು ತಿಂಗಳ ಮುಂಚೆ ಹೋಗಿ, ಹೆಪಟೈಟಿಸ್ ಎ, ಬಿ, ಟೈಫಾಯ್ಡ್, ಟೆಟನಸ್ ನಿಮ್ಮ ಸಲುವಾಗಿ, ದಡಾರ, ಚಿಕನ್‌ಪಾಕ್ಸ್, ಫ್ಲೂ ಆ ಮಕ್ಕಳ ಸಲುವಾಗಿ. ನಮಗೆ ಎರಡು ದಿನದ ನೆಗಡಿ ಆಗಿರೋದು ಎದೆಯಲ್ಲಿ ಕಫ ತೆಗೆಯೋಕೆ ಶಕ್ತಿ ಇಲ್ದಿರೋ ಮಗುಗೆ ನ್ಯುಮೋನಿಯಾ ಆಗುತ್ತೆ. ಗಂಟಲು ಕೆರೀತಿದ್ರೂ ಅವತ್ತು ಹೋಗ್ಬೇಡಿ. ಇನ್ಶೂರೆನ್ಸ್ ಮಾಡ್ಸಿ, ಮತ್ತೆ ಅಲ್ಲಿ ಎಲ್ರೂ ಸ್ಕೂಟರ್ ಓಡಿಸ್ತಾರೆ ಅಂತ ನೀವೂ ಬಾಡಿಗೆಗೆ ತಗೋಬೇಡಿ, ಅಲ್ಲಿ ನಡೆಯೋ ಲೈಸೆನ್ಸ್ ಇಲ್ದೆ ಬಿದ್ರೆ ಇನ್ಶೂರೆನ್ಸಿನೋರು ಕೈ ಎತ್ತಿಬಿಡ್ತಾರೆ, ಗ್ರಾಬ್ ಅನ್ನೋ ಟ್ಯಾಕ್ಸಿ ಆ್ಯಪ್‌ನಲ್ಲಿ ಗಾಡಿ ಕರೆಸಿ ಹೋಗಿ. ದುಡ್ಡಿನ ವಿಷ್ಯದಲ್ಲಿ ಒಂದೇ ಮಾತು, 20,000 ದೋಂಗಿನ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಸಂಜೆ ಹೊತ್ತಲ್ಲಿ ಸೊನ್ನೆ ಎಣಿಸಿ ಕೊಡಿ.

ಸಮಯನೂ ನೋಡ್ಕೊಳ್ಳಿ. ಜನವರಿ ಮೂರನೇ ವಾರದಿಂದ ಫೆಬ್ರವರಿ ಮೂರನೇ ವಾರದೊಳಗೆ ತೆತ್ ಹಬ್ಬ, ಅಂದ್ರೆ ಅವರ ಹೊಸ ವರ್ಷ, ಬರುತ್ತೆ, ಸೆಂಟರ್‌ಗಳು ಮುಚ್ಚಿರ್ತವೆ, ಮಕ್ಕಳು ಮನೇಲಿರ್ತಾರೆ. ಮಧ್ಯ ವಿಯೆಟ್ನಾಮಲ್ಲಿ ಅಕ್ಟೋಬರ್ ನವೆಂಬರಲ್ಲಿ ಜೋರು ಮಳೆ, ಪ್ರವಾಹ, ಹೋ ಚಿ ಮಿನ್ ಸಿಟಿ ಕಡೆ ಮೇಯಿಂದ ನವೆಂಬರ್‌ವರೆಗೆ ಮಳೆ. ಆಗಸ್ಟ್ 10 ಏಜೆಂಟ್ ಆರೆಂಜ್ ಸಂತ್ರಸ್ತರ ದಿನ, ಆ ಸುತ್ತಮುತ್ತ ಸೆಂಟರ್ ತುಂಬಾ ಅತಿಥಿಗಳು, ಕಾರ್ಯಕ್ರಮಗಳು, ಹೊಸಬರಿಗೆ ಕಲಿಸೋಕೆ ಯಾರಿಗೂ ಪುರುಸೊತ್ತಿರಲ್ಲ.

ಭಾಷೆ

ವಿಯೆಟ್ನಾಮಿ ಭಾಷೇಲಿ ದನಿಯ ಏರಿಳಿತ (ಟೋನ್) ಆರು ತರ, ಅದೇ ಪದನ ಬೇರೆ ಏರಿಳಿತದಲ್ಲಿ ಅಂದ್ರೆ ಬೇರೆನೇ ಅರ್ಥ, ಹಾಗಾಗಿ ಪುಸ್ತಕ ಓದಿ ಕಲಿಯೋಕಾಗಲ್ಲ, ಕೇಳಿಸ್ಕೊಂಡೇ ಕಲೀಬೇಕು. ಆದ್ರೆ ಒಂದು ವಿಷ್ಯದಲ್ಲಿ ನಮಗೆ ಸುಲಭ. ಅವರೂ ನಮ್ಮ ತರಾನೇ ಎಲ್ರನ್ನೂ ಸಂಬಂಧದ ಹೆಸರಿಟ್ಟೇ ಕರೆಯೋದು, ಅಕ್ಕಂಗೆ ಚಿ, ಅಣ್ಣಂಗೆ ಅಂಙ್, ಚಿಕ್ಕೋರಿಗೆ ಎಮ್. ಮಕ್ಕಳು ನಿಮ್ಮನ್ನ ಹೆಂಗಸರಾದ್ರೆ ಕೋ ಅಂತಾರೆ, ಅತ್ತೆ ಅಂತನೂ ಹೌದು ಟೀಚರ್ ಅಂತನೂ ಹೌದು, ಗಂಡಸ್ರಾದ್ರೆ ಚೂ. ಸೆಂಟರಿಗೆ ಕಾಲಿಟ್ಟ ತಕ್ಷಣ ಅಲ್ಲಿನ ಹಿರಿಯ ಹೆಂಗಸರು ನನ್ನ ಮೊದ್ಲು ಕೇಳಿದ್ದು ವಯಸ್ಸೆಷ್ಟು ಅಂತ, ತಪ್ಪು ತಿಳೀಬೇಡಿ, ವಯಸ್ಸು ಗೊತ್ತಾಗ್ದೆ ಅವರಿಗೆ ನಿಮ್ಮನ್ನ ಏನಂತ ಕರೀಬೇಕು ಅಂತಾನೇ ಗೊತ್ತಾಗಲ್ಲ. ಎರಡನೇ ಪ್ರಶ್ನೆ "ಅನ್ ಕೋಮ್ ಚುವಾ", ಅನ್ನ ಉಂಡ್ರಾ ಅಂತ. ಊಟ ಆಯ್ತಾ ಅಂತ ಕೇಳೋ ಜನದ ಮಧ್ಯೆ ಬಂದಿದೀನಿ ಅಂತ ಗೊತ್ತಾದಾಗ ನನಗೆ ಎಷ್ಟು ಧೈರ್ಯ ಬಂತು ಅಂದ್ರೆ ಹೇಳೋಕಾಗಲ್ಲ.

ಕಲೀಲೇಬೇಕಾದ ಎರಡು ಮಾತಿದಾವೆ. "ದಾವ್ ಖೋಂಗ್" ಅಂದ್ರೆ ನೋಯ್ತಿದ್ಯಾ. "ತು ತು" ಅಂದ್ರೆ ನಿಧಾನಕ್ಕೆ. ಇವೆರಡನ್ನ ನಾನು ದಿನಕ್ಕೆ ನೂರು ಸಲ ಹೇಳಿರಬಹುದು. ಮಾತು ಬರದ ಮಕ್ಕಳಿಗೆ ಕನ್ನಡದಲ್ಲೇ ಮಾತಾಡ್ಸಿ, ಏನೂ ತೊಂದ್ರೆ ಇಲ್ಲ, ದನಿ ಅವರಿಗೆ ಅರ್ಥ ಆಗುತ್ತೆ, ಆದ್ರೆ ಮುಟ್ಟೋ ಮೊದ್ಲು ಎತ್ತೋ ಮೊದ್ಲು ಎದುರಿಗೆ ಬಂದು ಹೆಸರು ಹಿಡಿದು ಕರೆದು ತೋರಿಸಿ ಆಮೇಲೆ ಮುಟ್ಟಿ. ಹಿಂದಿನಿಂದ ವೀಲ್‌ಚೇರ್ ತಳ್ಕೊಂಡು ಹೊರಟ್ರೆ ಆ ಮಗು ಬೆಚ್ಚಿ ಬೀಳುತ್ತೆ, ಕೆಲವರಿಗೆ ಆ ಬೆಚ್ಚಿದ್ದಕ್ಕೇ ಮೈಯೆಲ್ಲ ಸೆಟೆದು ಹೋಗುತ್ತೆ.

ತಿನ್ನಿಸೋದು

ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಟ್ರೈನಿಂಗ್ ಇಲ್ದಿರೋರ ಕೈಗೆ ಮೊದ್ಲು ಬರೋ ಕೆಲಸ ಇದೇ, ಮತ್ತೆ ಜೀವಕ್ಕೆ ಅಪಾಯ ಇರೋ ಕೆಲಸನೂ ಇದೇ. ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಮೈ ಹಿಡಿತಕ್ಕೆ ಬರದ ಸ್ಥಿತಿ) ಇರೋ ಮಗುಗೆ ನುಂಗೋದು ನಮ್ಮ ತರ ತಾನಾಗೇ ಆಗೋ ಕೆಲಸ ಅಲ್ಲ. ತಪ್ಪಿದ್ರೆ ಅನ್ನ ಹೊಟ್ಟೆಗೆ ಹೋಗೋ ಬದ್ಲು ಶ್ವಾಸಕೋಶಕ್ಕೆ ಹೋಗುತ್ತೆ, ಎಷ್ಟೋ ಸಲ ಕೆಮ್ಮು ಕೂಡ ಬರಲ್ಲ, ನಾಲ್ಕು ದಿನ ಆದ್ಮೇಲೆ ಜ್ವರ ಬಂದಾಗ್ಲೇ ಗೊತ್ತಾಗೋದು. ಹಾಗಾಗಿ ಆ ಮಗುಗೆ ದಿನಾ ತಿನ್ನಿಸೋರು ತೋರಿಸಿಕೊಟ್ಟು, ಪಕ್ಕದಲ್ಲಿ ನಿಂತು ನೋಡಿ, ಸರಿ ಅಂದ ಮೇಲೇನೇ ಒಬ್ರೇ ತಿನ್ನಿಸಿ. ಅವರಾಗೇ ತೋರಿಸ್ದಿದ್ರೆ ನೀವೇ ಕೇಳಿ.

ನನಗೆ ಕಲಿಸಿದ್ದು ಆ ಸೆಂಟರಿನ ಒಬ್ರು ಹಿರಿಯಮ್ಮ. ಮಗು ಹನ್ನೊಂದು ವರ್ಷದ ಹುಡುಗಿ, ಐದು ವರ್ಷದೋಳ ತರ ಕಾಣ್ತಿದ್ಲು. ಹಿರಿಯಮ್ಮ ಮೊದ್ಲು ಅವಳನ್ನ ಕುರ್ಚೀಲಿ ಹಿಂದಕ್ಕೆ ಸರಿಸಿ ಸೊಂಟ ಒತ್ತಿ ಕೂರಿಸಿದ್ರು, ಕಾಲು ನೇತಾಡ್ದೆ ಹಲಗೆ ಮೇಲೆ ಊರೋ ಹಾಗೆ ಇಟ್ರು, ಎಡಗೈನ ಅವಳ ಕತ್ತಿನ ಹಿಂದೆ ಹಾಕಿ ಗದ್ದ ಸ್ವಲ್ಪ ಕೆಳಗೆ ಬರೋ ಹಾಗೆ ಹಿಡಿದ್ರು. ತಾವು ಸಣ್ಣ ಸ್ಟೂಲ್ ಮೇಲೆ ಕೂತ್ರು, ಅವಳ ಕಣ್ಣಿಗಿಂತ ತಮ್ಮ ಕಣ್ಣು ಸ್ವಲ್ಪ ಕೆಳಗಿರೋ ಹಾಗೆ. ನಾವು ನಿಂತ್ಕೊಂಡು ತಿನ್ನಿಸಿದ್ರೆ ಮಗು ತಲೆ ಮೇಲೆತ್ತುತ್ತೆ, ತಲೆ ಎತ್ತಿದ್ರೆ ಶ್ವಾಸನಾಳ ತೆರ್ಕೊಳ್ಳುತ್ತೆ, ಅಲ್ಲೇ ಅಪಾಯ. ಚಾವ್ ಅಂತ ಅವರ ಅಕ್ಕಿ ಗಂಜಿ, ಗಟ್ಟಿಯಾಗಿ ಮಾಡಿ ಸೋಸಿದ್ದು, ಚಪ್ಪಟೆ ಚಮಚದ ತುದೀಲಿ ಅರ್ಧದಷ್ಟು ತಗೊಂಡು ನಾಲಿಗೆ ಮಧ್ಯಕ್ಕೆ ಇಟ್ಟು ಮೆತ್ತಗೆ ಒತ್ತಿ ಚಮಚ ನೇರವಾಗಿ ಹೊರಗೆ ತೆಗೆದ್ರು, ಹಲ್ಲಿಗೆ ಉಜ್ಜಿ ಅಲ್ಲ. ಆಮೇಲೆ ಕಾದ್ರು. ನಾನು ಇನ್ನೊಂದು ಚಮಚಕ್ಕೆ ಬಟ್ಟಲ ಕಡೆ ಕೈ ಹಾಕ್ದೆ, ಅವರು ನನ್ನ ಕೈ ಹಿಡಿದು ಹುಡುಗಿ ಗಂಟಲ ಮೇಲೆ ಇಡ್ಸಿದ್ರು. ಅಲ್ಲಿ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಬೆರಳ ಕೆಳಗೆ ಒಂದು ಸಣ್ಣ ಉಂಡೆ ಮೇಲೆದ್ದು ಕೆಳಗಿಳೀತು. ತು ತು, ಅಂದ್ರು. ಆ ಬಟ್ಟಲು ಖಾಲಿಯಾಗೋಕೆ ಐವತ್ತು ನಿಮಿಷ ಆಯ್ತು.

ತಿನ್ನಿಸೋವಾಗ ಕಣ್ಣಲ್ಲಿ ನೀರು ಬಂದ್ರೆ, ಉಸಿರು ಜೋರಾದ್ರೆ, ದನಿ ನೀರಲ್ಲಿ ಗುಳುಗುಳು ಅಂದ ಹಾಗೆ ಆದ್ರೆ, ತುಟಿ ಬಣ್ಣ ಬದಲಾದ್ರೆ ತಕ್ಷಣ ನಿಲ್ಲಿಸಿ ಸ್ಟಾಫನ್ನ ಕರೀರಿ. ಬರೀ ನೀರು ಗಂಜಿಗಿಂತ ಕಷ್ಟ, ಅದು ಬೇಗ ಹರಿದು ತಪ್ಪು ದಾರಿಗೆ ಹೋಗುತ್ತೆ, ಕೆಲವರಿಗೆ ನೀರನ್ನೂ ಗಟ್ಟಿ ಮಾಡಿ ಕೊಡ್ತಾರೆ, ಪಾಪ ಬಾಯಾರಿದೆ ಅಂತ ಬಾಟಲಿ ಎತ್ತಿ ಕುಡಿಸ್ಬೇಡಿ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸ್ದೆ ಕೂರಿಸಿರಿ. ಚಾಕ್ಲೇಟ್, ಬಿಸ್ಕತ್ತು, ಕಡ್ಲೆಬೀಜ ಯಾವುದನ್ನೂ ಜೇಬಲ್ಲಿ ಇಟ್ಕೊಂಡು ಹೋಗ್ಬೇಡಿ, ಯಾವ ಮಗು ಏನು ನುಂಗೋಕಾಗುತ್ತೆ ಅಂತ ನಿಮಗೆ ಗೊತ್ತಿರಲ್ಲ.

ಎತ್ತೋದು, ಮಲಗಿಸೋದು

ಕೈ ಹಿಡಿದೆಳೆದು ಎಬ್ಬಿಸ್ಬೇಡಿ, ಕಂಕುಳಲ್ಲಿ ಕೈ ಹಾಕಿ ತೂಗಾಡ್ಸಿ ಎತ್ಬೇಡಿ. ಕೆಲವರ ಮೂಳೆ ಕಡ್ಡಿ ತರ ಇರುತ್ತೆ, ನಡೀದೇ ಇರೋ ಕಾಲಲ್ಲಿ ಮೂಳೆ ಅಷ್ಟು ಗಟ್ಟಿಯಾಗಲ್ಲ. ತಲೇಲಿ ನೀರು ತುಂಬಿರೋ ಮಕ್ಕಳ ತಲೆ ತುಂಬಾ ಭಾರ ಇರ್ಬಹುದು, ತಲೆಗೇ ಒಬ್ರು ಬೇಕು. ದೊಡ್ಡೋರನ್ನ ಎತ್ತೋಕೆ ಯಾವಾಗ್ಲೂ ಇಬ್ರು, ನಿಮ್ಮ ಬೆನ್ನು ಹಿಡ್ಕೊಂಡ್ರೆ ನೀವೇ ಇನ್ನೊಬ್ರಿಗೆ ಹೊರೆ. ಮಡಚಿಕೊಂಡಿರೋ ಕೈಕಾಲನ್ನ ಬಿಡಿಸೋಕೆ ಜೋರು ಮಾಡ್ಬೇಡಿ, ಫಿಸಿಯೋ ತೋರಿಸಿದ ವ್ಯಾಯಾಮನ ತೋರಿಸಿದಷ್ಟೇ ಮಾಡಿ. ಒಂದೇ ಕಡೆ ಎರಡು ಗಂಟೆಗಿಂತ ಜಾಸ್ತಿ ಮಲಗಿದ್ರೆ ಸೊಂಟ, ಹಿಮ್ಮಡಿ, ಭುಜದ ಹತ್ರ ಚರ್ಮ ಕೆಂಪಾಗುತ್ತೆ, ಬೆರಳಲ್ಲಿ ಒತ್ತಿ ಬಿಟ್ರೂ ಕೆಂಪು ಹೋಗ್ಲಿಲ್ಲ ಅಂದ್ರೆ ಹುಣ್ಣು ಶುರುವಾಗ್ತಿದೆ ಅಂತ ಅರ್ಥ, ಆವತ್ತೇ ಹೇಳಿ.

ಫಿಟ್ಸ್ ಬರೋದನ್ನ ನೋಡ್ತೀರಾ. ಹಿಡ್ಕೋಬೇಡಿ, ಬಾಯಿಗೆ ಏನೂ ಹಾಕ್ಬೇಡಿ, ಪಕ್ಕಕ್ಕೆ ತಿರುಗ್ಸಿ, ತಲೆ ಕೆಳಗೆ ಮೆತ್ತಗಿರೋದು ಇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ಉಗುರು ಕತ್ತರಿಸ್ಕೊಂಡಿರಿ, ಉಂಗುರ ಬಳೆ ತೆಗೆದಿಡಿ, ಕೂದಲು ಗಟ್ಟಿಯಾಗಿ ಕಟ್ಕೊಳ್ಳಿ. ಸ್ನಾನ, ಡಯಾಪರ್ ಬದಲಾಯಿಸೋದು ಸ್ಟಾಫಿನ ಕೆಲಸ, ಅವರು ಕರೆದ್ರೆ ಇನ್ನೊಬ್ರು ಎದುರಿಗಿದ್ದಾಗ ಮಾತ್ರ ಸಹಾಯ ಮಾಡಿ. ಯಾವ ಮಗುನೂ ಬಾಗಿಲು ಹಾಕಿರೋ ರೂಮಲ್ಲಿ ಒಬ್ಬೊಬ್ರೇ ಕರ್ಕೊಂಡು ಇರ್ಬೇಡಿ, ಅದು ಮಗುವಿನ ರಕ್ಷಣೆಗೂ ಹೌದು ನಿಮ್ಮ ರಕ್ಷಣೆಗೂ ಹೌದು.

ಮಧ್ಯಾಹ್ನ ಹನ್ನೊಂದೂವರೆಯಿಂದ ಎರಡರ ಹತ್ರದವರೆಗೆ ಊಟ ಮತ್ತೆ ನಿದ್ದೆ, ಇಡೀ ದೇಶವೇ ಆಗ ಮಲಗುತ್ತೆ. ಆ ಹೊತ್ತಲ್ಲಿ ಆಟ ಆಡಿಸೋಣ ಅಂತ ಮಕ್ಕಳನ್ನ ಎಬ್ಬಿಸ್ಬೇಡಿ. ಹಾಗೇ ಸ್ಟಾಫ್ ಮಾಡೋದು ನಿಮಗೆ ಒರಟು ಅನ್ನಿಸ್ಬಹುದು, ಜೋರಾಗಿ ಮಾತಾಡ್ತಾರೆ, ಬಟ್ಟೆ ಪಟ್ಟಿಯಿಂದ ಕುರ್ಚಿಗೆ ಕಟ್ಟಿರ್ತಾರೆ. ಮೊದಲ ವಾರ ನಂಗೂ ಕೋಪ ಬಂದಿತ್ತು. ಆಮೇಲೆ ನೋಡಿದ್ರೆ ಆ ಪಟ್ಟಿ ಇಲ್ದೆ ಆ ಹುಡುಗ ಮುಂದಕ್ಕೆ ಮುಗ್ಗರಿಸಿ ಹಣೆ ಒಡ್ಕೊಳ್ತಾನೆ, ಹಳೇ ಗಾಯದ ಗುರುತು ಹಣೆ ಮೇಲೇ ಇತ್ತು. ಏನಾದ್ರೂ ತಪ್ಪು ಅನ್ನಿಸಿದ್ರೆ ಎಲ್ಲರೆದುರಿಗೆ ಹೇಳ್ಬೇಡಿ, ಯಾಕೆ ಹೀಗೆ ಅಂತ ಕಲಿಯೋರ ಹಾಗೆ ಕೇಳಿ. ಮಗುಗೆ ಹೊಡೆಯೋದು, ಹಿಂಸೆ ಕಂಡ್ರೆ ಮಾತ್ರ ಅವತ್ತೇ ಮುಖ್ಯಸ್ಥರಿಗೆ ಬರಹದಲ್ಲಿ ಕೊಡಿ.

ಫೋಟೋ, ಉಡುಗೊರೆ

ವಿಯೆಟ್ನಾಮಿನ 2016ರ ಮಕ್ಕಳ ಕಾನೂನಿನ ಪ್ರಕಾರ ಮಗುವಿನ ಖಾಸಗಿ ವಿಷ್ಯ ಹೊರಗೆ ಹಾಕೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಏಳು ವರ್ಷ ತುಂಬಿದ್ರೆ ಮಗುವಿನ ಒಪ್ಪಿಗೆನೂ ಬೇಕು. ಕಾನೂನು ಬಿಡಿ, ನಿಮ್ಮ ತಂಗಿ ಎಂಜಲು ಸುರಿಸ್ಕೊಂಡು ಕೂತಿರೋ ಫೋಟೋನ ಯಾರೋ ಬೇರೆ ದೇಶದೋರು ಹಾಕಿ ಕೆಳಗೆ ಅಯ್ಯೋ ಪಾಪ ಅಂತ ಬರೆದ್ರೆ ನಿಮಗೆ ಹೇಗಾಗುತ್ತೆ ಯೋಚನೆ ಮಾಡಿ. ನಾನು ಫೋನ್ ಲಾಕರಲ್ಲಿ ಇಟ್ಟು ಒಳಗೆ ಹೋಗ್ತಿದ್ದೆ. ಅವರು ಮಾಡಿದ ಬಟ್ಟೆ ಹೂವು, ಊದಬತ್ತಿ, ಕಸೂತಿದು ಫೋಟೋ ತೆಗೀರಿ, ಹೆಸರು ಹೇಳೋಕೆ ಅವರಿಗೆ ಇಷ್ಟ ಇದ್ರೆ ಹೆಸರು ಹಾಕಿ, ದುಡ್ಡು ಕೊಟ್ಟು ತಗೊಳ್ಳಿ, ಅವರ ಕೆಲಸಕ್ಕೆ ಬೆಲೆ ಬಂದಿದ್ದು ಅವರಿಗೂ ಖುಷಿ.

ಏನಾದ್ರೂ ಕೊಡೋಣ ಅನ್ನಿಸಿದ್ರೆ ಪಟ್ಟಿ ಕೇಳಿ, ಅಲ್ಲೇ ಕೊಳ್ಳಿ. ಗೊಂಬೆಗಳು ಕಪಾಟು ತುಂಬಾ ಇರುತ್ತೆ, ಕೊರತೆ ಇರೋದು ದೊಡ್ಡ ಸೈಜಿನ ಡಯಾಪರಿಗೆ, ಫಿಟ್ಸಿನ ಮಾತ್ರೆಗೆ, ವಾಷಿಂಗ್ ಮಷೀನ್ ರಿಪೇರಿಗೆ. ವೀಲ್‌ಚೇರನ್ನ ಅಳತೆ ಇಲ್ದೆ ತಂದು ಕೊಡ್ಬೇಡಿ, ಅಗಲ ಜಾಸ್ತಿಯಾದ್ರೆ ಮಗು ಒಂದು ಕಡೆ ವಾಲಿ ಬೆನ್ನುಮೂಳೆ ಸೊಟ್ಟ ಆಗುತ್ತೆ, ಥೆರಪಿಸ್ಟ್ ಅಳತೆ ತಗೊಂಡು ಹೇಳಿದ್ದನ್ನೇ ಕೊಡಿಸಿ.

ಮೊದಲ ದಿನ ಅಳು ಬರುತ್ತೆ. ಬರ್ಲಿ, ಆದ್ರೆ ಮಕ್ಕಳೆದುರಿಗೆ ಬೇಡ, ಹೊರಗೆ ಹೋಗಿ ಅತ್ತು ಮುಖ ತೊಳ್ಕೊಂಡು ಬನ್ನಿ, ಯಾರೂ ಏನೂ ಅನ್ಕೊಳ್ಳಲ್ಲ. ಹತ್ತು ದಿನ ಆದ್ಮೇಲೆ ಆಕಾರ ಕಣ್ಣಿಗೆ ಬೀಳೋದೇ ನಿಂತೋಗುತ್ತೆ, ಇವಳಿಗೆ ಬಾಳೆಹಣ್ಣು ಆಗಲ್ಲ, ಇವನಿಗೆ ಫ್ಯಾನ್ ತಿರುಗೋದು ನೋಡಿದ್ರೆ ನಗು, ಇವನು ಹಠಮಾರಿ, ಅನ್ನೋದಷ್ಟೇ ಉಳಿಯುತ್ತೆ.

ಹೊರಡೋ ದಿನ ಯಾವತ್ತು ಅಂತ ಮೊದಲ ವಾರದಲ್ಲೇ ಹೇಳ್ಬಿಡಿ, ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿ, ಕೊನೆ ಹತ್ತು ದಿನ ಅರ್ಥ ಆಗೋ ಮಕ್ಕಳಿಗೆ ದಿನಾ ತೋರಿಸಿ. ಮತ್ತೆ ಬರ್ತೀನಿ ಅಂತ ಬಾಯಿಗೆ ಬಂದ ಹಾಗೆ ಹೇಳ್ಬೇಡಿ, ಟಿಕೆಟ್ ಕೈಲಿದ್ರೆ ಮಾತ್ರ ಹೇಳಿ. ಕೊನೆ ದಿನ ದೊಡ್ಡ ಪಾರ್ಟಿ ಬೇಡ, ಎಂದಿನ ಹಾಗೆ ತಿನ್ನಿಸಿ, ಎಂದಿನ ಹಾಗೆ ಮಲಗಿಸಿ.

ಹೊರಡೋ ಮೊದ್ಲು ಒಂದು ನೋಟ್‌ಬುಕ್ ಬರೆದಿಟ್ಟು ಬನ್ನಿ, ನೀವು ನೋಡ್ಕೊಂಡ ಒಬ್ಬೊಬ್ಬ ಮಗುಗೆ ಒಂದು ಪುಟ, ಅಲ್ಲಿಯೋರ ಹತ್ರ ಒಂದ್ಸಲ ಓದಿಸಿ ಸರಿ ಇದ್ಯಾ ಅಂತ ಕೇಳಿ, ಅನುವಾದ ಮಾಡ್ಸಿ ಸೆಂಟರಲ್ಲೇ ಬಿಡಿ. ಆ ಹನ್ನೊಂದು ವರ್ಷದ ಹುಡುಗಿ ಪುಟದಲ್ಲಿ ನಾನು ಬರೆದಿದ್ದು ಇಷ್ಟು: ಬಲಗಡೆ ಕೂತು ತಿನ್ನಿಸಿ, ಎಡಗಡೆ ಕಣ್ಣು ಕಾಣಲ್ಲ. ಗಂಜಿ ಬಿಸಿ ಇದ್ರೆ ಬಾಯಿ ತೆರೆಯಲ್ಲ, ಮಣಿಕಟ್ಟಿಗೆ ಹಾಕ್ಕೊಂಡು ನೋಡಿ. ಗಂಟಲ ಮೇಲೆ ಎರಡು ಬೆರಳಿಡಿ, ಉಂಡೆ ಇಳಿದ ಮೇಲೆ ಮುಂದಿನ ಚಮಚ. ಸಾಕು ಅನ್ನಿಸಿದಾಗ ಚಮಚದ ಕಡೆ ನೋಡೋದು ಬಿಟ್ಟು ಕಿಟಕಿ ಕಡೆ ನೋಡ್ತಾಳೆ, ಆಗ ನಿಲ್ಲಿಸಿ.